ಪೆನ್ಸಿಲ್ ತೂರುವಷ್ಟು ಜಾಗ

ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ 11 ಕಿಲೋಮೀಟರ್ ಹೋದರೆ ನಾನು ಪಾಠ ಮಾಡುವ ಶಾಲೆ. ಮೊದಲ 7 ಕಿಲೋಮೀಟರ್ ಟಾರು. ಆಮೇಲೆ ಹೊಲದ ದಾರಿ. ಒಂದಷ್ಟು ದೂರ ಜಲ್ಲಿ, ಒಂದಷ್ಟು ದೂರ ಕೆಂಪು ಮಣ್ಣು, ಕೊನೆಗೆ ಅರ್ಧ ಕಿಲೋಮೀಟರ್ ಕಪ್ಪು ಎರೆ ಮಣ್ಣು. ಭಾನುವಾರ ಮನಸ್ಸು ಬಂದರೆ ಜೋಗಿಮಟ್ಟಿ ಗುಡ್ಡದ ಏರು. ಇಷ್ಟಕ್ಕೂ ಸೇರಿ ಒಂದೇ ಸೈಕಲ್ ಬೇಕಿತ್ತು.

ಹೈಬ್ರಿಡ್, ಅಂದರೆ ಟಾರಿಗೂ ಮಣ್ಣು ದಾರಿಗೂ ಆಗುವ ಸೈಕಲ್ ತಗೋಬೇಕು ಅನ್ನೋದು ಬೇಗ ತೀರ್ಮಾನ ಆಯಿತು. ಕಷ್ಟ ಆಗಿದ್ದು ಕೊನೆಗೆ ಉಳಿದ ಎರಡರಲ್ಲಿ. ಒಂದು ನೀಲಿ, ನಮ್ಮೂರಿನ ಅಂಗಡಿಯಲ್ಲೇ ಇತ್ತು. ಇನ್ನೊಂದು ಬೂದು, ದಾವಣಗೆರೆಯಲ್ಲಿ. ಎರಡೂ ಅಲ್ಯುಮಿನಿಯಂ ಫ್ರೇಮ್, 21 ಗೇರ್, ಡಿಸ್ಕ್ ಬ್ರೇಕ್, 700ಸಿ ಅಳತೆಯ ಚಕ್ರ. ಬೆಲೆಯಲ್ಲಿ ಸಾವಿರ ರೂಪಾಯಿ ಹೆಚ್ಚುಕಡಿಮೆ. ಕಣ್ಣಿಗೆ ಬೀಳುವ ವ್ಯತ್ಯಾಸ ಒಂದೇ: ನೀಲಿಗೆ ಮುಂದೆ ಸಸ್ಪೆನ್ಷನ್, ಅಂದರೆ ಅದುರು ತಡೆಯುವ ಸ್ಪ್ರಿಂಗ್ ಇತ್ತು, ಬೂದಿಗೆ ಇರಲಿಲ್ಲ.

"ಹಳ್ಳಿ ದಾರಿ ಅಂದ್ರೆ ಸಸ್ಪೆನ್ಷನ್ ಬೇಕೇ ಬೇಕು ಟೀಚರ್" ಅಂತ ಕೇಳಿದವರೆಲ್ಲ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಅಡ್ವಾನ್ಸ್ ದುಡ್ಡು ಪರ್ಸಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿದ್ದೆ. ಆದರೆ ಅಂಗಡಿ ಮುಂದಿನ ಸಿಮೆಂಟ್ ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಏನು ಗೊತ್ತಾಗುತ್ತೆ? ನನ್ನ ಸ್ಕೂಟಿಯನ್ನೇ ಒತ್ತೆ ಇಟ್ಟಂತೆ ಅಲ್ಲಿ ಬಿಟ್ಟು, ನೀಲಿಯನ್ನು ಒಂದು ದಿನದ ಮಟ್ಟಿಗೆ ತಂದೆ. ಬೂದು ಸಿಕ್ಕಿದ್ದು ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರ ಮಗನ ಹತ್ತಿರ. ಅದೇ ಮಾಡೆಲ್, ಅದೇ ಸೈಜು. "ಆಂಟಿ, ಜಾಲಿ ಮುಳ್ಳು ಹುಷಾರು" ಅಂತ ಹೇಳಿ ಕೊಟ್ಟ.

ಮೊದಲು ಎರಡನ್ನೂ ಮನೆ ಹತ್ತಿರದ ಶೇಂಗಾ ವ್ಯಾಪಾರಿಯ ತಕ್ಕಡಿ ಮೇಲೆ ಇಟ್ಟೆ. ನೀಲಿ 15 ಕಿಲೋ ದಾಟಿತು, ಬೂದು 13ರ ಆಸುಪಾಸು. ಎರಡು ಕಿಲೋ ಏನು ಮಹಾ ಅಂತ ಆಗ ಅಂದುಕೊಂಡೆ.

ಆಮೇಲೆ ಗೇರು. ಎರಡಕ್ಕೂ 21 ಅಂತ ಬರೆದಿದ್ದಾರೆ, ಸರಿ. ನಾನು ಗಣಿತದ ಟೀಚರ್, ಸುಮ್ನೆ ನಂಬುವುದಿಲ್ಲ. ಸೀಮೆಸುಣ್ಣದಲ್ಲಿ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದೆ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ ಎರಡರಲ್ಲೂ 28 ಹಲ್ಲು. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ನೀಲಿಯಲ್ಲಿ 28, ಬೂದಿನಲ್ಲಿ 34. ಈ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ತೀರಾ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ನೀಲಿ 2.2 ಮೀಟರ್ ಹೋಗಬೇಕು, ಬೂದು 1.8 ಮೀಟರ್ ಹೋದರೆ ಸಾಕು. ದೂರ ಕಡಿಮೆ ಆದಷ್ಟೂ ಕಾಲಿಗೆ ಹಗುರ. ಜೋಗಿಮಟ್ಟಿ ದಾರಿಯಲ್ಲಿ ಆಡುಮಲ್ಲೇಶ್ವರ ದಾಟಿ ಏರು ಶುರುವಾದ ಮೇಲೆ ಇದು ಮಂಡಿಗೇ ಗೊತ್ತಾಯಿತು. ನೀಲಿಯಲ್ಲಿ ಎರಡು ಸಲ ಇಳಿದು ತಳ್ಳಿದೆ. ಎದ್ದು ನಿಂತು ತುಳಿದರೆ ಸಸ್ಪೆನ್ಷನ್ ಕುಕ್ಕುತ್ತಿತ್ತು, ನನ್ನ ಅರ್ಧ ಶಕ್ತಿ ಸ್ಪ್ರಿಂಗಿಗೇ ಹೋಯಿತು. ಬೂದಿನಲ್ಲಿ ನಿಧಾನಕ್ಕೆ, ಏದುಸಿರು ಬಿಡುತ್ತಾ, ಆದರೆ ಕೂತೇ ಹತ್ತಿದೆ. ಆಷಾಢದ ಗಾಳಿಗೂ ಈ ಹಗುರ ಗೇರೇ ಬೇಕು. ಆಗ ಬೆಳಗ್ಗೆ ಶಾಲೆಗೆ ಹೋಗುವಾಗ ಪೂರ್ತಿ ಎದುರುಗಾಳಿ. ನಮ್ಮ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ ನೋಡಿ.

ನೀಲಿಯನ್ನು ಬಿಟ್ಟುಬಿಡುವ ಹಾಗೆ ಮಾಡಿದ್ದು ಮಾತ್ರ ಎರೆ ಮಣ್ಣು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನೂರು ಮೀಟರ್ ಹೋಗಿಲ್ಲ, ಹಿಂದಿನ ಚಕ್ರ ತಿರುಗುವುದೇ ನಿಂತಿತು. ಬಗ್ಗಿ ನೋಡಿದರೆ ಪೆಡಲ್ ಹಿಂದಿನ ಎರಡು ಕೊಳವೆಗಳ ಸಂದಿಯಲ್ಲಿ ಮಣ್ಣು ರಾಗಿ ಮುದ್ದೆ ಹಾಗೆ ಗಟ್ಟಿಯಾಗಿ ಕೂತಿದೆ. ಕಡ್ಡಿ ತಗೊಂಡು ಕೆರೆದೆ. ಹತ್ತು ಹೆಜ್ಜೆಗೆ ಮತ್ತೆ ಅದೇ ಕತೆ. ಕೊನೆಗೆ ಹೆಗಲ ಮೇಲೆ ಹೊತ್ತೆ. ಆ ಎರಡು ಕಿಲೋ ಏನು ಅಂತ ಆಗ ತಿಳಿಯಿತು! ಶಾಲೆಗೆ ಬಂದು ತೊಳೆದು, ಬ್ಯಾಗಿನಲ್ಲಿದ್ದ ಪೆನ್ಸಿಲ್ ತೆಗೆದು ಟೈರಿಗೂ ಕೊಳವೆಗೂ ನಡುವೆ ತೂರಿಸಿ ನೋಡಿದೆ. ಹೋಗಲಿಲ್ಲ. ಪೆನ್ಸಿಲ್ ದಪ್ಪ 7 ಮಿಲಿಮೀಟರ್, ಅಷ್ಟೂ ಜಾಗ ಇಲ್ಲ. ಅದೂ 38 ಮಿಲಿಮೀಟರ್ ಅಗಲದ ಟೈರಿಗೆ. ಬೂದಿನಲ್ಲಿ 35ರ ಟೈರಿತ್ತು, ಎರಡೂ ಕಡೆ ಪೆನ್ಸಿಲ್ ಹೋಗಿ ಮೇಲೂ ಜಾಗ ಮಿಕ್ಕಿತು. ಅದಕ್ಕೂ ಮಣ್ಣು ಮೆತ್ತಿಕೊಳ್ಳುತ್ತದೆ, ಆದರೆ ಚಕ್ರ ಅಷ್ಟು ಬೇಗ ಕಚ್ಚಿ ನಿಲ್ಲುವುದಿಲ್ಲ. ಚೆನ್ನಾಗಿ ನೆನೆದ ಎರೆಯಲ್ಲಿ ಯಾವ ಸೈಕಲ್ಲೂ ನಡೆಯಲ್ಲ ಬಿಡಿ.

ಜಾಗ ಮಿಕ್ಕಿದ್ದರಿಂದಲೇ ಬೂದು ತಗೊಂಡ ಮೇಲೆ 40ರ ಟೈರ್ ಹಾಕಿಸಿದೆ. ಜಲ್ಲಿ ದಾರಿಯಲ್ಲಿ ಮೊದಲ ವಾರ ಅಂಗೈ ಜೋಮು ಹಿಡಿಯುತ್ತಿತ್ತು, ಸಸ್ಪೆನ್ಷನ್ ಬಿಟ್ಟು ತಪ್ಪು ಮಾಡಿದೆನಾ ಅಂತ ಅನ್ನಿಸಿದ್ದು ನಿಜ. ಅಂಗಡಿಯವರು 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿ ಕಳಿಸಿದ್ದರು. ನನ್ನ ತೂಕ 58 ಕಿಲೋ, ಇಷ್ಟು ಗಾಳಿ ಯಾಕೆ? ಹಿಂದೆ 45, ಮುಂದೆ 40ಕ್ಕೆ ಇಳಿಸಿದೆ. ಸಣ್ಣ ಜಲ್ಲಿಯ ಅದುರು ಟೈರೇ ನುಂಗಿಕೊಂಡಿತು. ದೊಡ್ಡ ಗುಂಡಿಗೆ ಇದು ಸಾಲದು, ಅಲ್ಲಿ ನಿಧಾನ ಮಾಡುತ್ತೇನೆ ಅಷ್ಟೆ. ಬರೀ ಗುಂಡಿಯೇ ಇರುವ ದಾರಿ ನಿಮ್ಮದಾದರೆ ನೀಲಿ ಥರದ್ದು ನೋಡಿ, ಆದರೆ ಪೆನ್ಸಿಲ್ ಜೊತೆಗಿರಲಿ.

ಬೂದಿನ ದೋಷ ಅಂದರೆ ಚೈನ್ ಗಾರ್ಡ್ ಇಲ್ಲ. ಚೂಡಿದಾರದ ಪ್ಯಾಂಟು ಎರಡು ಸಲ ಹರಿಯಿತು. ಈಗ ಬಲಗಾಲಿಗೆ ರಬ್ಬರ್ ಬ್ಯಾಂಡ್.

ಇನ್ನು ಬಳ್ಳಾರಿ ಜಾಲಿ. ಆ ಮುಳ್ಳಿಗೆ ನೀಲಿ, ಬೂದು ಭೇದವಿಲ್ಲ. ನಮ್ಮ ಬೀದಿಯ ಪಂಚರ್ ಅಂಗಡಿ ಭಾಯ್ ಹಳೇ ಟ್ಯೂಬ್ ಸೀಳಿ ಟೈರಿನ ಒಳಗೆ ಪಟ್ಟಿ ಹಾಸಿಕೊಟ್ಟರು. ತೂಕ ಸ್ವಲ್ಪ ಜಾಸ್ತಿ ಆಯಿತು, ಪಂಚರ್ ಕಡಿಮೆಯಾಯಿತು. 700ಸಿ ಟ್ಯೂಬ್ ಅವರ ಹತ್ತಿರ ಇರಲ್ಲ. ಒಮ್ಮೆ ಹಳೇ ಕಾಲದ ದೊಡ್ಡ ಸೈಕಲ್ಲಿನ 28 ಇಂಚಿನ ಟ್ಯೂಬೇ ಹಾಕಿ ಕಳಿಸಿದರು. ಚಕ್ರದ ಅಳತೆ ಸ್ವಲ್ಪ ಬೇರೆ, ಆದರೂ ರಬ್ಬರ್ ಟ್ಯೂಬ್ ಹೊಂದಿಕೊಳ್ಳುತ್ತದಲ್ಲ, ಕೂತಿತು.

"ಇದನ್ನ ಇವತ್ತೇ ಬದಲಾಯಿಸ್ಬೇಕಾ ಭಾಯ್?" ಅಂತ ಕೇಳಿದೆ.

"ಓಡೋ ತನಕ ಓಡ್ಲಿ ಮೇಡಂ" ಅಂದರು. ಮೂರು ತಿಂಗಳಾಯಿತು, ಅದೇ ಟ್ಯೂಬ್ ಓಡುತ್ತಿದೆ.