ಜುಲೈ ಬಿಸಿಲಲ್ಲಿ ಪೊಂಪೇ ನೋಡುವುದು ಹೇಗೆ?

‘ಕಲಬುರಗಿ ಬಿಸಿಲು ಕಂಡವರಿಗೆ ಇಟಲಿಯ 35 ಡಿಗ್ರಿ ಯಾವ ಲೆಕ್ಕ?’ ಎಂದು ಹೊರಟವರೇ ಪೊಂಪೇಯಲ್ಲಿ ಮೊದಲು ಸುಸ್ತಾಗಿ ಕೂರುವುದನ್ನು ನೋಡಿದ್ದೇನೆ. ನಮ್ಮೂರಲ್ಲಿ ಮಟಮಟ ಮಧ್ಯಾಹ್ನ ಯಾರೂ ಗಂಟೆಗಟ್ಟಲೆ ಕಲ್ಲಿನ ಮೇಲೆ ಅಲೆಯುವುದಿಲ್ಲ, ಅಲ್ವಾ? ಇಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಈ ಊರು ಸುಮಾರು 66 ಹೆಕ್ಟೇರ್ ಇದೆ. ಅಗೆದು ತೆಗೆದ ಮನೆಗಳಲ್ಲಿ ಹೆಚ್ಚಿನವಕ್ಕೆ ಚಾವಣಿಯೇ ಇಲ್ಲ.

1. ಟಿಕೆಟ್. ಅಧಿಕೃತ ವೆಬ್‌ಸೈಟಿನಲ್ಲೇ ಮೊದಲೇ ಕೊಳ್ಳಿ. ದಿನಕ್ಕೆ 20,000 ಜನರ ಮಿತಿ ಇದೆ. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಸ್ಟೇಷನ್ ಹೊರಗೆ ‘ಕ್ಯೂ ಇಲ್ಲದೆ ಬಿಡಿಸ್ತೀವಿ’ ಎಂದು ಕರೆಯುವವರ ಹತ್ತಿರ ನಿಲ್ಲಲೇಬೇಡಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಬೇಸಿಗೆಯಲ್ಲಿ ಆ ಉಚಿತ ಬೇಡವೇ ಬೇಡ, ಅಷ್ಟು ಜನ.

2. ರೈಲು. ನೇಪಲ್ಸ್‌ನ ಗರಿಬಾಲ್ಡಿ ಸ್ಟೇಷನ್ನಿಂದ ಸೊರೆಂಟೊ ಕಡೆಗೆ ಹೋಗುವ ಚಿರ್ಕುಮ್‌ವೆಸುವಿಯಾನಾ ಎಂಬ ಲೋಕಲ್ ರೈಲು ಹತ್ತಿ, ಪೊಂಪೇ ಸ್ಕಾವಿ ಸ್ಟೇಷನ್ನಿನಲ್ಲಿ ಇಳಿಯಿರಿ. ಪರ್ಸ್ ಮೇಲೆ ಗಮನವಿರಲಿ.

3. ಹೊತ್ತು. ಎಲ್ಲರೂ ಎಡವುವುದು ಇಲ್ಲೇ. ‘ಹನ್ನೆರಡರ ಬಿಸಿಲು ಇಳಿಯಲಿ, ಒಂದಕ್ಕೆ ಹೊರಡೋಣ’ ಎನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಟಲಿಯಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಸೂರ್ಯ ನೆತ್ತಿಗೇರುವುದೇ ಒಂದು ಗಂಟೆ ದಾಟಿದ ಮೇಲೆ. ಆಗ ಗೋಡೆಯ ನೆರಳು ಒಬ್ಬರು ನಿಲ್ಲುವಷ್ಟೂ ಇರುವುದಿಲ್ಲ. ಸೆಖೆ ಇನ್ನೂ ಏರುತ್ತಲೇ ಇರುತ್ತದೆ, ನಾಲ್ಕಾದರೂ ಇಳಿಯುವುದಿಲ್ಲ. ಬೀದಿಗೆ ಹಾಸಿದ್ದು ಲಾವಾ ಕಲ್ಲು. ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನಂತೆ ಕೆಳಗಿನಿಂದ ಝಳ ಹೊಡೆಯುತ್ತದೆ.

ಆದ್ದರಿಂದ ಒಂಬತ್ತಕ್ಕೆ ಬಾಗಿಲು ತೆರೆಯುವಾಗಲೇ ಪೋರ್ಟಾ ಮರೀನಾ ಗೇಟಿನ ಕಡೆಯಿಂದ ಒಳಗೆ ಹೋಗಿ. ಬಯಲಾಗಿರುವ ಫೋರಮ್, ಅಂದರೆ ಊರ ಮುಖ್ಯ ಚೌಕವನ್ನು ಮೊದಲು ಮುಗಿಸಿ. ಆಮೇಲೆ ಫಾನ್ ಮನೆ, ವೆಟ್ಟಿ ಮನೆ ಎಂಬ ಎರಡು ಸಿರಿವಂತರ ಮನೆ. ಸುಮಾರು 20 ವರ್ಷ ಮುಚ್ಚಿದ್ದ ವೆಟ್ಟಿ ಮನೆ 2023ರಲ್ಲಿ ತೆರೆಯಿತು. ಅದರ ಗೋಡೆಚಿತ್ರಗಳಿಗೆ ಕ್ಯೂ ಬೆಳೆಯುತ್ತದೆ, ತಡಮಾಡಬೇಡಿ. ಹನ್ನೊಂದರ ಮೇಲೆ ಚಾವಣಿ ಇರುವ ಕಡೆ ಹೋಗಿ. ಸ್ಟೇಬಿಯನ್ ಸ್ನಾನಗೃಹದ ಕಮಾನಿನಡಿ ನಿಂತರೆ ಮೈ ತಣ್ಣಗಾಗುತ್ತದೆ. ಕೊನೆಗೆ ದೊಡ್ಡ ಪಲೆಸ್ಟ್ರಾ ಎಂಬ ವ್ಯಾಯಾಮದ ಅಂಗಳದ ಮರಗಳಡಿ ಕೂತು ಸುಧಾರಿಸಿಕೊಳ್ಳಿ. ಪಕ್ಕದ ಆಂಫಿಥಿಯೇಟರ್ ನೋಡಿ, ಒಂದರೊಳಗೆ ಆ ಕಡೆಯ ಗೇಟಿನಿಂದ ಊಟಕ್ಕೆ ಹೊರಬಿದ್ದುಬಿಡಿ. ಎಲ್ಲ ಮನೆ ನೋಡುವ ಹಟ ಬೇಡ. ಹತ್ತು ಮನೆ ಓಡಿ ನೋಡುವುದಕ್ಕಿಂತ ಮೂರು ಮನೆ ನಿಂತು ನೋಡುವುದು ಎಷ್ಟೋ ವಾಸಿ.

4. ನೀರು. ಒಂದು ಲೀಟರ್ ಬಾಟಲಿ ಸಾಕು. ಮೂಲೆಗಳಲ್ಲಿರುವ ರೋಮನ್ನರ ಕಾಲದ ಕಲ್ಲಿನ ತೊಟ್ಟಿಗಳಲ್ಲಿ ಕೆಲವಕ್ಕೆ ಈಗ ನಲ್ಲಿ ಇದೆ, ಕುಡಿಯಬಹುದು. ತುಂಬಿಸುವಾಗ ತೊಟ್ಟಿಯ ಅಂಚು ನೋಡಿ. ಎರಡು ಸಾವಿರ ವರ್ಷದ ಹಿಂದೆ ಜನ ಕೈ ಊರಿ ಬಗ್ಗಿ ಬಗ್ಗಿ, ಒಂದು ಕಡೆ ಕಲ್ಲು ನುಣುಪಾಗಿ ಸವೆದು ತಗ್ಗಾಗಿದೆ. ನನಗೆ ಪೊಂಪೇಯಲ್ಲಿ ಎಲ್ಲಕ್ಕಿಂತ ಇಷ್ಟದ ಜಾಗ ಅದು. ಬರೀ ನೀರು ಕುಡಿದರೆ ಸಾಲದು, ಊರಿಂದ ನಾಲ್ಕು ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಬಣ್ಣದ ಎನರ್ಜಿ ಡ್ರಿಂಕ್ ಬೇಡ. ಕುತ್ತಿಗೆಗೆ ನೇತುಹಾಕುವ ಬ್ಯಾಟರಿ ಫ್ಯಾನ್ ಸುಮ್ನೆ ದುಡ್ಡು ದಂಡ, ಬಿಸಿ ಗಾಳಿಯನ್ನೇ ಮುಖಕ್ಕೆ ಊದುತ್ತದೆ. ನಮ್ಮ ಮಡಚುವ ಛತ್ರಿಯೇ ಉತ್ತಮ.

5. ಉಡುಪು. ತೆಳು ಹತ್ತಿಯ ತುಂಬುತೋಳಿನ ಅಂಗಿ, ಹಿಡಿತವಿರುವ ಶೂ. ಚಪ್ಪಲಿ ಖಂಡಿತ ಬೇಡ, ಆ ಕಲ್ಲುಗಳು ಸವೆದು ಜಾರುತ್ತವೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ.

ಜೊತೆಯವರಿಗೆ ತಲೆ ಸುತ್ತಿದರೆ ತಕ್ಷಣ ನೆರಳಿಗೆ ಕರೆದೊಯ್ದು ಕುತ್ತಿಗೆ, ಕಂಕುಳಿಗೆ ನೀರು ಹಚ್ಚಿ. ಮಾತು ತಡವರಿಸಿದರೆ ಅಲ್ಲಿನ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ‘ಸ್ವಲ್ಪ ಹೊತ್ತು ನೋಡೋಣ’ ಎನ್ನಬೇಡಿ.

6. ಮರುದಿನ. ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಹೋಗಿ. ಫಾನ್ ಮನೆಯ ನೆಲದಲ್ಲಿದ್ದ ಅಲೆಕ್ಸಾಂಡರ್ ಮೊಸಾಯಿಕ್‌ನ (ಬಣ್ಣದ ಕಲ್ಲುಚೂರು ಜೋಡಿಸಿದ ಚಿತ್ರ) ಅಸಲಿ ಇರುವುದು ಅಲ್ಲೇ. 1938ರಲ್ಲಿ ಪೊಂಪೇಯಲ್ಲಿ ಸಿಕ್ಕ, ಭಾರತದಿಂದ ಹಡಗೇರಿ ಹೋದ ದಂತದ ಪುಟ್ಟ ಹೆಣ್ಣುಮೂರ್ತಿಯೂ ಅಲ್ಲಿದೆ. ‘ಪೊಂಪೇ ಲಕ್ಷ್ಮಿ’ ಎನ್ನುತ್ತಾರೆ. ಮಂಗಳವಾರ ಮ್ಯೂಸಿಯಂಗೆ ರಜೆ, ಅದನ್ನು ನೋಡಿಕೊಂಡೇ ಪೊಂಪೇ ದಿನ ಗೊತ್ತುಮಾಡಿ.