ವಿಡಿಐ ತಗೊಂಡು ಫೀಚರ್ ಹಾಕಿಸೋದಾ, ಝಡ್‌ಡಿಐ ಪ್ಲಸ್ಸೇ ಹುಡುಕೋದಾ?

ನಾನು ತಗೊಂಡಿದ್ದು 2018ರ ಕೊನೆಯಲ್ಲಿ ರಿಜಿಸ್ಟರ್ ಆದ ಮಾರುತಿ ವಿಟಾರಾ ಬ್ರೆಝಾ ಕಾರು, ವಿಡಿಐ. ಇದು ಫೀಚರ್ ಕಡಿಮೆ ಇರೋ ಕೆಳಗಿನ ವೇರಿಯೆಂಟ್, ಝಡ್‌ಡಿಐ ಪ್ಲಸ್ ಎಲ್ಲ ಇರೋ ಮೇಲಿನದು. 1.3 ಲೀಟರ್ ಡೀಸೆಲ್. ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6 ಬಂದಾಗ, 2020ರಲ್ಲಿ, ಮಾರುತಿಯವರು ಡೀಸೆಲ್ಲನ್ನೇ ಕೈಬಿಟ್ಟರು. ಹಾಗಾಗಿ ಡೀಸೆಲ್ ಬ್ರೆಝಾ ಬೇಕು ಅಂದರೆ ಸೆಕೆಂಡ್ ಹ್ಯಾಂಡೇ ಗತಿ.

ಕೊನೆಗೆ ಉಳಿದದ್ದು ಎರಡು ಗಾಡಿ. ಚಿತ್ರದುರ್ಗದಲ್ಲಿ ಒಬ್ಬರೇ ಓನರ್ ಓಡಿಸಿದ ವಿಡಿಐ, ಸರ್ವೀಸ್ ದಾಖಲೆ ಪೂರ್ತಿ ಇತ್ತು. ಇಲ್ಲಿ ದಾವಣಗೆರೆಯಲ್ಲಿ ಮೂರು ಕೈ ದಾಟಿದ ಝಡ್‌ಡಿಐ ಪ್ಲಸ್, ಟಚ್‌ಸ್ಕ್ರೀನ್, ಕ್ಯಾಮೆರಾ, ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೇ ಗಾಡಿ ಒಂದೇ ವೇಗದಲ್ಲಿ ಓಡೋದು), ಅಲಾಯ್ ಚಕ್ರ ಎಲ್ಲ ಇದ್ದದ್ದು. ಹೊಸದರಲ್ಲಿ ಈ ಎರಡರ ಮಧ್ಯೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಅಂತರ ಇತ್ತು. ಹಳೇ ಗಾಡಿಯಾದಾಗ ಅದು ಅರವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಲೆಕ್ಕದಲ್ಲಿ ಪ್ಲಸ್ ತಗೊಳ್ಳೋದೇ ಸರಿ, ಅಲ್ವಾ? ಅಷ್ಟು ದುಡ್ಡಿಗೆ ಅದರ ಅರ್ಧ ಸಾಮಾನೂ ಹೊರಗೆ ಹಾಕಿಸೋಕೆ ಆಗಲ್ಲ.

ಆದರೂ ನಾನು ವಿಡಿಐ ತಗೊಂಡೆ. ಪ್ಲಸ್ಸಿನ ಬಾನೆಟ್ ಎತ್ತಿ ನೋಡಿದರೆ ಒಂದು ಕಡೆ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಬೋಲ್ಟುಗಳ ಪೇಂಟ್ ಎದ್ದಿತ್ತು, ಅಂದರೆ ಸ್ಪ್ಯಾನರ್ ಬಿದ್ದಿದೆ, ಗುದ್ದಿದ್ದಕ್ಕೆ ಬಿಚ್ಚಿ ಕೂರಿಸಿರಬೇಕು ಅಂತ ಅರ್ಥ. ಕೇಳಿದ್ದಕ್ಕೆ "ಸಣ್ಣ ಟಚ್ ಸಾರ್" ಅಂದರು. ಫೀಚರ್ ಆಮೇಲೆ ಹಾಕಿಸಬಹುದು, ಗುದ್ದಿದ್ದನ್ನು ವಾಪಸ್ ತೆಗೆಯೋಕೆ ಬರಲ್ಲ.

ಇನ್ನೊಂದು, ಬ್ಯಾಡ್ಜ್ ನಂಬಬೇಡಿ. ಡಿಕ್ಕಿ ಮೇಲೆ ಪ್ಲಸ್ ಅಂತ ಅಂಟಿಸೋಕೆ ನಾಲ್ಕು ಕಾಸು ಸಾಕು. ಆರ್‌ಸಿಯಲ್ಲಿ ಮಾಡೆಲ್ ಕಾಲಂನಲ್ಲಿ ವೇರಿಯೆಂಟ್ ಹೆಸರೇ ಇರುತ್ತೆ, ಮೊದಲು ಅದನ್ನು ಓದಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಚೌಕಾಸಿಗೆ ಹೋಗಲಿಲ್ಲ. 2018ರ ಮೇ ತಿಂಗಳ ಬದಲಾವಣೆ ನಂತರದ ಬ್ರೆಝಾದಲ್ಲಿ ಎಲ್ಲ ವೇರಿಯೆಂಟಿಗೂ ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಹಿಂದಿನ ಪಾರ್ಕಿಂಗ್ ಸೆನ್ಸರ್ ಬರುತ್ತಿತ್ತು. ಅದಕ್ಕೇ ಆ ದಿನಾಂಕದ ಈಚೆಯದ್ದನ್ನೇ ಹುಡುಕಿದ್ದು. ಏರ್‌ಬ್ಯಾಗ್ ಅಂದರೆ ಬರೀ ಚೀಲ ಅಲ್ಲ. ಸೆನ್ಸರ್, ಕಂಟ್ರೋಲ್ ಯೂನಿಟ್, ಸ್ಟೀರಿಂಗ್, ಡ್ಯಾಶ್‌ಬೋರ್ಡ್, ಗುದ್ದಿದಾಗ ಬೆಲ್ಟ್ ಬಿಗಿ ಮಾಡೋ ಪ್ರಿಟೆನ್ಷನರ್ ಎಲ್ಲ ಸೇರಿ ಒಂದು ಕುಟುಂಬ. ಅದನ್ನು ಆಮೇಲೆ ಕೂರಿಸಿ ಕೊಡ್ತೀನಿ ಅನ್ನೋರು ಸಿಕ್ಕರೆ ನಮಸ್ಕಾರ ಹೇಳಿ ಬಂದುಬಿಡಿ.

ಹಾಕಿಸಿದ್ದರಲ್ಲಿ ತಲೆಕೆಡಿಸಿದ್ದು ರಿವರ್ಸ್ ಕ್ಯಾಮೆರಾ. ಕ್ಯಾಮೆರಾ ಅಗ್ಗ, ಅದರ ವೈರ್ ಎಲ್ಲಿಂದ ಹೋಗುತ್ತೆ ಅನ್ನೋದೇ ವಿಷಯ. ಡಿಕ್ಕಿ ಬಾಗಿಲಿಗೂ ಬಾಡಿಗೂ ಮಧ್ಯೆ ಮೇಲ್ಗಡೆ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತೆ, ಕಂಪನಿ ವೈರುಗಳೆಲ್ಲ ಅದರೊಳಗೇ ಹೋಗೋದು. ಅವಸರದ ಕೆಲಸದವರು ಅದನ್ನು ಬಿಟ್ಟು ಬಾಗಿಲ ಅಂಚಿನ ರಬ್ಬರ್ ಬೀಡಿಂಗ್ ಸಂದಿಯಲ್ಲಿ ವೈರ್ ತೂರಿಸುತ್ತಾರೆ. ಡಿಕ್ಕಿ ಹಾಕಿ ತೆಗೆದು ವೈರ್ ಜಜ್ಜಿಹೋಗುತ್ತೆ, ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಧೂಳು ಅದೇ ಸಂದಿಯಿಂದ ಒಳಗೆ. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಕೊಳವೆಯ ಎರಡೂ ತುದಿ ಬಿಡಿಸಿ, ಗಟ್ಟಿ ತಂತಿಗೆ ವೈರ್ ಕಟ್ಟಿ ನಿಧಾನಕ್ಕೆ ಎಳೆದ. ಅಷ್ಟಕ್ಕೇ ಅರ್ಧ ಬೆಳಿಗ್ಗೆ ಹೋಯಿತು. ಕರೆಂಟನ್ನು ರಿವರ್ಸ್ ಲೈಟಿನಿಂದ ಕೊಟ್ಟ, ರಿವರ್ಸ್ ಗೇರ್ ಹಾಕಿದ ತಕ್ಷಣ ಪರದೆ ಮೇಲೆ ಹಿಂದಿನ ಚಿತ್ರ ಬರುತ್ತೆ.

ಸ್ಟೀರಿಯೋಗೆ ನನ್ನದು ಒಂದೇ ಷರತ್ತು: ಕಪ್ಲರ್‌ಗೆ ಕಪ್ಲರ್ (ವೈರುಗಳ ತುದಿಯ ಪ್ಲಗ್) ಕೂರಬೇಕು, ಒಂದು ವೈರೂ ಕತ್ತರಿಸಬಾರದು. ಗಾಡಿಗೆ ಹೊಂದುವ ಕಪ್ಲರ್ ಸೆಟ್ ಹೊರಗೇ ಸಿಗುತ್ತೆ. ಕತ್ತರಿಸಿ ಟೇಪ್ ಸುತ್ತಿದ ಜಾಯಿಂಟ್ ಬಿಸಿಲಿಗೆ ಅಂಟು ಬಿಟ್ಟುಕೊಂಡು ಶಾರ್ಟ್ ಆದರೆ ಫ್ಯೂಸ್ ಹೋಗೋದು ಒಂದು ಕಡೆ, ವಾರಂಟಿ ಇರೋ ಗಾಡಿಯಾದರೆ ಅದರ ಜಗಳ ಇನ್ನೊಂದು ಕಡೆ.

ಕ್ರೂಸ್ ಕಂಟ್ರೋಲ್ ಆಸೆ ಇತ್ತು. ಇಲ್ಲಿಂದ ಬೆಂಗಳೂರಿನವರೆಗೆ ಎನ್‌ಎಚ್ 48ರಲ್ಲಿ ಹೋಗೋರಿಗೆ ಯಾಕೆ ಅಂತ ಗೊತ್ತು, ಹೆಬ್ಬಾಳು ಟೋಲ್ ದಾಟಿದ ಮೇಲೆ ಬಲಗಾಲಿಗೆ ಬೇರೆ ಕೆಲಸವೇ ಇರಲ್ಲ. ಆದರೆ ಸ್ವಿಚ್ ಕೂರಿಸೋಕೆ ಸ್ಟೀರಿಂಗ್ ಮೇಲಿನ ಏರ್‌ಬ್ಯಾಗ್ ಬಿಚ್ಚಬೇಕು, ಒಳಗಿನ ಸುರುಳಿ ಕೇಬಲ್‌ನಲ್ಲಿ ಆ ಸರ್ಕ್ಯೂಟ್ ಇರಬೇಕು, ಮೇಲೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಒಪ್ಪಬೇಕು. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತೆ, ಅದು ಗೊತ್ತಿಲ್ಲದವರ ಕೈಗೆ ಕೊಡೋ ಕೆಲಸ ಅಲ್ಲ. "ಬೇಡ ಬಿಡಣ್ಣ, ಇದು ನನ್ ಕೈಲಾಗಲ್ಲ" ಅಂತ ಆ ಹುಡುಗನೇ ಅಂದ. ಅವನ ಮೇಲೆ ನಂಬಿಕೆ ಬಂದದ್ದೇ ಆಗ. ಹಿಂದಿನ ವೈಪರ್, ಸನ್‌ರೂಫ್ ಕೂಡ ಇದೇ ಜಾತಿ. ವೈಪರ್ ಮೋಟಾರಿಗೆ, ವಾಷರ್ ಪೈಪಿಗೆ ಡಿಕ್ಕಿಯಲ್ಲಿ ಜಾಗ ಇರಬೇಕು. ಸನ್‌ರೂಫಿಗಂತೂ ಮೇಲ್ಛಾವಣಿಯನ್ನೇ ಕೊಯ್ಯಬೇಕು. ಇವು ಬೇಕೇ ಬೇಕು ಅನ್ನೋರು ಇರೋ ಗಾಡಿಯನ್ನೇ ತಗೊಳ್ಳಿ.

ಫಾಗ್ ಲ್ಯಾಂಪ್ ಹಾಕಿಸಲಿಲ್ಲ. ದಾವಣಗೆರೆಯಲ್ಲಿ ಮಂಜು ಎಲ್ಲಿದೆ? ಮ್ಯಾಟ್, ಸೀಟ್ ಕವರ್ ಹಾಕಿಸಿದೆ, ಅದರಲ್ಲಿ ಹೇಳೋಕೆ ಏನಿಲ್ಲ. ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರೋ ಗಾಡಿಯವರು ಮಾತ್ರ ಸಾದಾ ಕವರ್ ಹಾಕಬೇಡಿ, ಹೊಲಿಗೆ ಅಡ್ಡ ಬರುತ್ತೆ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸು ಅಂತ ನಮ್ಮ ಮಾವ ಬಹಳ ಒತ್ತಾಯ ಮಾಡಿದರು. ಗುದ್ದಿದಾಗ ಮುಂಭಾಗ ಮುದುಡಿ ಪೆಟ್ಟು ತಿನ್ನಲಿ ಅಂತ ಮಾಡಿರ್ತಾರೆ, ಗಾರ್ಡ್ ಅದಕ್ಕೇ ಅಡ್ಡ. ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ತಪ್ಪಿಸುತ್ತೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನುಬಾಹಿರ, ತೆಗೆಸಿ ಅಂತ ರಾಜ್ಯಗಳಿಗೆ ಬರೆದಿತ್ತು. ಮಾವನಿಗೆ "ದಂಡ ಹಾಕ್ತಾರೆ" ಅಂದೆ, ಅಷ್ಟಕ್ಕೆ ಸುಮ್ಮನಾದರು.

ಹಾಕಿಸಿದ್ದರ ಬಿಲ್ ಇಟ್ಟುಕೊಂಡು ಇನ್ಶೂರೆನ್ಸ್ ರಿನೀವಲ್‌ನಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರಿ ಅಂತ ಬರೆಸಿ. ಬರೆಸದಿದ್ದರೆ ಕ್ಲೇಮಿನಲ್ಲಿ ಅದಕ್ಕೆ ಒಂದು ಪೈಸೆ ಸಿಗಲ್ಲ.

ಆಮೇಲೆ ನನ್ನ ಭಾಮೈದನೂ ಬ್ರೆಝಾ ಹುಡುಕೋಕೆ ಹೊರಟ. "ಭಾವ, ನಾನೂ ವಿಡಿಐ ತಗೊಂಡು ಮಾಡಿಸ್ಲಾ?" ಅಂದ. ಅವನಿಗೆ ಹರಿಹರದಲ್ಲಿ ಗುದ್ದಿಲ್ಲದ ಪ್ಲಸ್ ಸಿಕ್ಕಿತ್ತು, ಟೈರ್ ಮಾತ್ರ ಸವೆದಿದ್ದವು. ಅದನ್ನೇ ಕೊಡಿಸಿದೆ, ಟೈರಿನ ದುಡ್ಡನ್ನು ಬೆಲೆಯಲ್ಲೇ ಮುರಿಸಿಕೊಂಡೆವು.