ಒಂದೇ ಕಂಪ್ಯೂಟರ್, ಎರಡು ಓಎಸ್: ಕೊನೆಗೂ ಸರಿಹೋಯಿತು

ಗಂಗಾವತಿಯ ನಮ್ಮ ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಮತ್ತು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್, ಹೀಗೆ ಎರಡು ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಜಗಳವಿಲ್ಲದೆ ಓಡುತ್ತಿವೆ. ಒಂದು ಭತ್ತದ ಹಂಗಾಮು ಪೂರ್ತಿ ಕಳೆಯಿತು, ಒಂದು ದಿನವೂ ಕೈಕೊಟ್ಟಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಷೀನ್ ಹಳೆಯದು. ನಾಲ್ಕನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಎರಡು ರೈಸ್ ಮಿಲ್‌ಗಳ ಲೆಕ್ಕ ಮನೆಯಲ್ಲೇ ಕೂತು ಬರೆಯುತ್ತೇನೆ. ಆ ಲೆಕ್ಕದ ಸಾಫ್ಟ್‌ವೇರ್‌ಗೆ ವಿಂಡೋಸ್ ಬೇಕೇ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್, ಅಂದರೆ ಸುರಕ್ಷತೆಯ ಅಪ್‌ಡೇಟ್, ಮುಗಿಯುತ್ತದೆ ಅಂತ ಗೊತ್ತಾದಾಗಲೇ ತಲೆಬಿಸಿ ಶುರುವಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಒಂದು ಸುರಕ್ಷತಾ ಚಿಪ್) ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಶನ್ ಆದರೂ ಇರಬೇಕು. ಹೊಸ ಮಷೀನ್‌ಗೆ ಮೂವತ್ತು ಸಾವಿರ ಎಲ್ಲಿಂದ ತರೋದು? ಹಾಗಾಗಿ ಒಂದು ಲೆಕ್ಕ ಹಾಕಿದೆ. ವಿಂಡೋಸ್ ಇರಲಿ, ಆದರೆ ಅದಕ್ಕೆ ನೆಟ್ ಕೊಡೋದು ಬೇಡ. ಬ್ಯಾಂಕು, ಮೇಲ್, ಜಿಎಸ್‌ಟಿ ಪೋರ್ಟಲ್, ಮಗಳ ಓದು ಎಲ್ಲ ಮಿಂಟ್‌ನಲ್ಲಿ.

"ಎರಡು ದೋಣಿ ಮ್ಯಾಲ ಕಾಲಿಟ್ರ ನಡುವ ಬೀಳ್ತಿ, ತಮ್ಮಾ" ಅಂದ ಅಣ್ಣ. ಮೊದಲನೇ ಸಲ ಬಿದ್ದದ್ದೂ ನಿಜ.

ಮಿಂಟ್‌ಗೆ ಜಾಗ ಬಿಡಿಸಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಭಾಗವನ್ನು ಶ್ರಿಂಕ್ ಮಾಡಲು, ಅಂದರೆ ಕುಗ್ಗಿಸಲು, ಹೋದರೆ 9 ಜಿಬಿಗಿಂತ ಜಾಸ್ತಿ ಬಿಡಲಿಲ್ಲ. ನಡುವೆ ಅಲ್ಲಾಡದ ಫೈಲುಗಳು ಕೂತಿರುತ್ತವೆ. ಅಂಥ ಫೈಲು ಇಡುವ ಹೈಬರ್ನೇಶನ್, ಪೇಜ್‌ಫೈಲ್ ಆಫ್ ಮಾಡಿ ನೋಡುವ ತಾಳ್ಮೆ ನನಗಿರಲಿಲ್ಲ. ಮಿಂಟ್‌ನ ಪೆನ್‌ಡ್ರೈವ್ ಹಾಕಿ ಜಿಪಾರ್ಟೆಡ್ ಅನ್ನುವ ಡಿಸ್ಕ್ ಭಾಗ ಮಾಡುವ ಸಾಫ್ಟ್‌ವೇರ್‌ನಿಂದ ಎಳೆದೆ. ಅದು ಡೇಟಾ ಸರಿಸುತ್ತಿರುವಾಗಲೇ ಕರೆಂಟ್ ಹೋಯಿತು. ಏಪ್ರಿಲ್ ಮಧ್ಯಾಹ್ನ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಎರಡು ಸಲ ಕೀಂ ಅಂದು ಅದೂ ನಿಂತಿತು. ಸುಮಾರು ಆರು ತಿಂಗಳ ಲೆಕ್ಕ ಹೋಯಿತು. ಡೇಟಾ ತೆಗೆಸಲು ಒಂದು ಅಂಗಡಿಗೆ ಎರಡೂವರೆ ಸಾವಿರ ಕೊಟ್ಟೆ. ಅರ್ಧ ಫೈಲು ಬಂದವು, ಅವಕ್ಕೂ ಹೆಸರಿರಲಿಲ್ಲ. ಹತ್ತು ಹನ್ನೊಂದು ರಾತ್ರಿ ನನ್ನ ಹೆಂಡತಿ ಪೇಪರ್ ಬಿಲ್ ನೋಡಿ ಒಂದೊಂದೇ ಓದಿದಳು, ನಾನು ಹೊಡೆದೆ. ಆ ರಾತ್ರಿಗಳನ್ನು ಮರೆಯಲ್ಲ.

ಎರಡನೇ ಸಲ ಎಲ್ಲ ಅಳಿಸಿ ಅದೇ ಡಿಸ್ಕ್‌ನಲ್ಲಿ ಎರಡನ್ನೂ ಹಾಕಿದೆ. ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಮಗಳು ವಿಂಡೋಸ್‌ನಲ್ಲಿ ಜಾಗ ಹುಡುಕುತ್ತಾ, ಹೆಸರಿಲ್ಲದ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಖಾಲಿ ಇದೆ ಅಂದುಕೊಂಡು ಡಿಲೀಟ್ ಮಾಡಿದಳು. ಅದೇ ಮಿಂಟ್. ಮರುದಿನ ಬೆಳಿಗ್ಗೆ ಕಪ್ಪು ಪರದೆ, ಎಡಗಡೆ ಮೇಲೆ 'ಗ್ರಬ್ ರೆಸ್ಕ್ಯೂ' ಅಂತ ಒಂದೇ ಸಾಲು, ಪಕ್ಕದಲ್ಲಿ ಮಿಣಮಿಣ ಅನ್ನುವ ಸಣ್ಣ ಗೆರೆ. ಗ್ರಬ್ ಅಂದರೆ ಯಾವ ಓಎಸ್ ಬೇಕು ಅಂತ ಕೇಳಿ ಎಬ್ಬಿಸುವ ಮೆನು, ಅದರ ಫೈಲುಗಳು ಮಿಂಟ್ ಜೊತೆಗೇ ಹೋಗಿದ್ದವು. ಒಳಗೆ ವಿಂಡೋಸ್ ಹಾಗೇ ಇದೆ, ಅದರ ಬಾಗಿಲು ಮಾತ್ರ ಸಿಗ್ತಿಲ್ಲ. ಹೊರಗೆ ಲಾರಿಯವನು ಬಿಲ್‌ಗಾಗಿ ಹಾರನ್ ಹೊಡೆಯುತ್ತಿದ್ದ. ಕೈಯಲ್ಲೇ ಬರೆದು ಕಳಿಸಿದೆ.

ತಪ್ಪು ಮಗಳದಲ್ಲ. ಒಂದೇ ಡಿಸ್ಕ್‌ನಲ್ಲಿ ಎರಡನ್ನೂ ತುರುಕಿದ್ದೇ ತಪ್ಪು. ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿದ್ದರೂ ಒಲೆ ಬೇರೆ ಇಟ್ಟುಕೊಳ್ಳಲ್ವಾ, ಹಾಗೆ ಮಾಡಿದೆ.

240 ಜಿಬಿಯ ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ವಿಂಡೋಸ್‌ಗೆ, 120 ಜಿಬಿಯ ಇನ್ನೊಂದು ಮಿಂಟ್‌ಗೆ. ಹಳೇ 500 ಜಿಬಿ ಡಿಸ್ಕ್ ಇಬ್ಬರಿಗೂ ಸೇರಿದ ಡೇಟಾಕ್ಕೆ. ವಿಂಡೋಸ್ ಹಾಕುವಾಗ ಉಳಿದವುಗಳ ಸಾಟಾ ಕೇಬಲ್ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವುದು) ಕಿತ್ತಿಟ್ಟೆ, ಮಿಂಟ್ ಹಾಕುವಾಗ ವಿಂಡೋಸ್‌ದು ಕಿತ್ತೆ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್‌ನಲ್ಲಿ, ಡಿಸೇಬಲ್ ಮಾಡಿದರೆ ಸಾಕು ಅನ್ನುವವರಿದ್ದಾರೆ. ನನಗೆ ಕೇಬಲ್ ಹೊರಗೆ ನೇತಾಡೋದು ಕಣ್ಣಿಗೆ ಕಂಡರೇ ಸಮಾಧಾನ. ಒಂದು ಓಎಸ್‌ನ ಬೂಟ್ ಫೈಲುಗಳು (ಅದನ್ನು ಎಬ್ಬಿಸುವವು) ಇನ್ನೊಂದರ ಡಿಸ್ಕ್‌ಗೆ ಹೋಗಿ ಕೂರುವ ಮಾತೇ ಇಲ್ಲ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ. ಯುಇಎಫ್‌ಐ ಹೊಸ ಬೂಟ್ ಪದ್ಧತಿ, ಲೆಗಸಿ ಹಳೆಯದು. ಒಂದು ಓಎಸ್ ಲೆಗಸಿ, ಇನ್ನೊಂದು ಯುಇಎಫ್‌ಐ ಆದರೆ ಆಮೇಲೆ ಒದ್ದಾಟ. ನಾನು ಒಂದು ಭಾನುವಾರ ಪೂರ್ತಿ ಇದರಲ್ಲೇ ಕಳೆದೆ.

ಕೇಬಲ್ ಎಲ್ಲ ಹಾಕಿ ಮಿಂಟ್ ಡಿಸ್ಕನ್ನು ಮೊದಲಿಗಿಟ್ಟೆ. ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣಲಿಲ್ಲ. ಮಿಂಟ್ ಹಾಕುವಾಗ ವಿಂಡೋಸ್ ಡಿಸ್ಕ್ ಕಿತ್ತಿದ್ದೆನಲ್ಲ, ಅದಕ್ಕೆ ಅದು ಇರುವುದೇ ಗೊತ್ತಿರಲಿಲ್ಲ. ಅಪ್‌ಡೇಟ್ ಗ್ರಬ್ ಅನ್ನುವ ಕಮಾಂಡ್ ಕೊಟ್ಟೆ, ಬಂತು. ಆಮೇಲೆ ಪರೀಕ್ಷೆಗೆ ಒಂದೊಂದೇ ಡಿಸ್ಕ್ ಕಿತ್ತು ನೋಡಿದೆ. ಯಾವುದನ್ನು ಕಿತ್ತರೂ ಇನ್ನೊಂದು ತಾನಾಗಿ ಎದ್ದು ನಿಂತಿತು. ಅಣ್ಣನನ್ನು ಕರೆದು ಇನ್ನೊಮ್ಮೆ ತೋರಿಸಿದೆ.

ಉಳಿದದ್ದು ಸಣ್ಣಪುಟ್ಟ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇಡುವುದು) ಆಫ್ ಮಾಡಲೇಬೇಕು, ಇಲ್ಲದಿದ್ದರೆ ಡೇಟಾ ಡಿಸ್ಕ್ ಮಿಂಟ್‌ನಲ್ಲಿ ಬರೀ ಓದೋದಕ್ಕೆ ಸಿಗುತ್ತದೆ, ಬರೆಯೋಕೆ ಬಿಡಲ್ಲ. ಟೈಮ್ ವಿಷಯ ಮಾತ್ರ ಸಣ್ಣದಲ್ಲ. ಕಂಪ್ಯೂಟರ್‌ನ ಒಳಗಿನ ಗಡಿಯಾರದಲ್ಲಿ ಮಿಂಟ್ ಯುಟಿಸಿ (ಜಾಗತಿಕ ಟೈಮ್) ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂದುಕೊಳ್ಳುತ್ತದೆ. ಐದೂವರೆ ಗಂಟೆ ಹಿಂದೆ. ಬೆಳಗಿನ ಐದಕ್ಕೆ ಮಾಡಿದ ಬಿಲ್‌ಗೆ ಹಿಂದಿನ ದಿನದ ತಾರೀಖು ಬಿತ್ತು! ಮಿಂಟ್‌ಗೇ ಲೋಕಲ್ ಟೈಮ್ ಇಟ್ಟುಕೋ ಅಂತ ಟರ್ಮಿನಲ್‌ನಲ್ಲಿ ಹೇಳಿದೆ, ಸರಿಹೋಯಿತು.

ನಡುವೆ ಗ್ರಬ್ ಮೆನುವನ್ನು ಕನ್ನಡದಲ್ಲಿ ಮಾಡಬೇಕು ಅನ್ನುವ ಹುಚ್ಚು ಹತ್ತಿತು. ಗುಬ್ಬಿ ಅನ್ನುವ ಕನ್ನಡ ಫಾಂಟ್ ಹಾಕಿ ನೋಡಿದೆ, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿದವು. ಕೊನೆಗೆ ಅಂಜನಾದ್ರಿ ಬೆಟ್ಟದ ಫೋಟೋ ಮೇಲೆ 'ಮೇಲಿನದು ಮನೆಗೆ, ಕೆಳಗಿನದು ಲೆಕ್ಕಕ್ಕೆ' ಅಂತ ಬರೆದು, ಅದನ್ನೇ ಹಿನ್ನೆಲೆಗೆ ಹಾಕಿದೆ. ಅಮ್ಮನೂ ಓದಿ ಸರಿಯಾದದ್ದನ್ನೇ ಒತ್ತುತ್ತಾರೆ. ಬೆಳಿಗ್ಗೆ ಹತ್ತರವರೆಗೆ ತಾನಾಗಿ ವಿಂಡೋಸ್, ಆಮೇಲೆ ತಾನಾಗಿ ಮಿಂಟ್ ಏಳುವ ಹಾಗೆ ಮಾಡಿದ ಉಪಾಯ ಇದೆಯಲ್ಲ, ಅದನ್ನು ಇಲ್ಲಿ ಬರೆಯಲ್ಲ. ಅದಕ್ಕೇ ಜನ ನನ್ನ ಹತ್ತಿರ ಬರುತ್ತಾರೆ.

ಆಗ ನನಗಾದ ಖರ್ಚು: ಎಸ್‌ಎಸ್‌ಡಿ ಎರಡೂ ಸೇರಿ 2,600ರ ಸುಮಾರು, ಸೆಕೆಂಡ್‌ಹ್ಯಾಂಡ್ 4 ಜಿಬಿ ರ‍್ಯಾಮ್ 600, ಯುಪಿಎಸ್ ಬ್ಯಾಟರಿ ಸಾವಿರದ ಹತ್ತಿರ. ಎಲ್ಲಕ್ಕಿಂತ ಮೊದಲು ತರಬೇಕಾದದ್ದು ಆ ಬ್ಯಾಟರಿ.

ಇಲ್ಲಿಯವರೆಗೆ ಓಣಿಯಲ್ಲಿ ನಾಲ್ಕು ಮಷೀನ್‌ಗೆ ಹೀಗೇ ಮಾಡಿಕೊಟ್ಟಿದ್ದೇನೆ. ಮುಂದಿನ ವಾರ ಕಾರಟಗಿಯಿಂದ ಅಣ್ಣನ ಕಂಪ್ಯೂಟರ್ ಬರುತ್ತಿದೆ. ಅದರಲ್ಲಿ ಎರಡನೇ ಡಿಸ್ಕ್‌ಗೆ ಪವರ್ ಕನೆಕ್ಟರ್ ಇಲ್ಲ, ಸ್ಪ್ಲಿಟರ್ ತರಿಸಿಟ್ಟಿದ್ದೇನೆ.